ಎರಡನೇ ಕೀಲಿಕೈ

ಕೋವಿಡ್ ಮುಗಿದು ಎರಡು ವರ್ಷವಾಗಿತ್ತು. ನಾನು ವಿಶಾಖಪಟ್ಟಣದಲ್ಲಿ ತೆಲುಗು ಚಿತ್ರಗಳ ಎಡಿಟರ್, ಊರು ಧಾರವಾಡ. ಹೆಂಡತಿ ಶಾರದಾ ಬ್ಯಾಂಕ್ ಅಧಿಕಾರಿ, ವರ್ಗವಾಗಿ ವಿಜಯವಾಡದ ಗವರ್ನರ್‌ಪೇಟೆ ಶಾಖೆಯಲ್ಲಿದ್ದಳು. ನಾನು ಎಡಿಟ್ ಮಾಡಿದ ಹಿಂದಿನ ಎರಡು ಚಿತ್ರಗಳು ಮಕಾಡೆ ಮಲಗಿದ್ದವು. ಮೂರನೆಯದೂ ಹೋದರೆ ನನ್ನನ್ನು ಯಾರೂ ಕರೆಯುವುದಿಲ್ಲವೆಂಬ ಹೆದರಿಕೆಯಿತ್ತು.

ಆ ಮೂರನೆಯದು ಲಾವಣ್ಯ ಎಂಬ ಹೊಸ ನಿರ್ದೇಶಕಿಯ ಮೊದಲ ಚಿತ್ರ. ಜಾಂಬಿಗಳು, ಅಂದರೆ ಸತ್ತು ಎದ್ದು ಓಡಾಡುವ ಹೆಣಗಳು, ತುಂಬಿದ ಊರಿನಲ್ಲಿ ಆರು ಜನ ಬ್ಯಾಂಕಿನ ಸ್ಟ್ರಾಂಗ್ ರೂಮ್ ದೋಚುವ ಕಥೆ. ಅದರ ಜೀವಾಳ ವಿಶಾಖಪಟ್ಟಣದ ಹೊರಗೆ ಕಾರ್ಖಾನೆಗಳೇ ತುಂಬಿರುವ ಪರವಾಡದ ರಸ್ತೆಯಲ್ಲಿ ತೆಗೆದ ಒಂದು ದೃಶ್ಯ. ಕಂಪನಿ ಬಸ್ ಬಂದು ನಿಲ್ಲುತ್ತದೆ. ಜಾಂಬಿಗಳು ಸಾಲಾಗಿ ನಿಂತು ಕೊರಳಿನ ಐಡಿ ಕಾರ್ಡ್ ತೋರಿಸುತ್ತ ಹತ್ತುತ್ತವೆ. ಸತ್ತರೂ ಶಿಫ್ಟ್ ತಪ್ಪಿಸದ ಜನ! ನೋಡಿದಾಗಲೆಲ್ಲ ನಗುವೂ ಬರುತ್ತಿತ್ತು, ಮೈಯೂ ಜುಮ್ಮೆನ್ನುತ್ತಿತ್ತು. ಕೊರತೆಗಳಿಗೇನು ಬರವೇ? ನಾಯಕನ ಬಂದೂಕಿನ ಗುಂಡು ಖಾಲಿಯಾಗುತ್ತಿರಲಿಲ್ಲ, ಅವನ ತಂಗಿಯ ಅಳು ನಿಲ್ಲುತ್ತಿರಲಿಲ್ಲ, ಮಧ್ಯಂತರದ ನಂತರ ಕಥೆ ಕುಂಟುತ್ತಿತ್ತು.

ವಿಜಯವಾಡದಲ್ಲಿ ಹಂಚಿಕೆದಾರರಿಗೆ ತೋರಿಸಲು ಎರಡೇ ದಿನ ಉಳಿದಾಗ ಲಾವಣ್ಯ ಜ್ವರದಿಂದ ಮಲಗಿದಳು. ಎಲ್ಲ ನಿಮ್ಮ ಮೇಲೆ ಬಿಟ್ಟಿದ್ದೇನೆ ಸಾರ್ ಎಂದು ಫೋನ್ ಮಾಡಿ ಹೇಳಿದಳು. ವೇಗ ಬೇಕೆಂದು ನಾನು ಕೊನೆಯ ಭಾಗದ ನಾಲ್ಕು ನಿಮಿಷ ಕತ್ತರಿಸಿದೆ. ಅದು ಸ್ಟ್ರಾಂಗ್ ರೂಮಿನ ಎರಡನೇ ಕೀಲಿಕೈಯ ದೃಶ್ಯ. ಬ್ಯಾಂಕಿನ ಕೀಲಿಕೈ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ತನ್ನ ಸುಪರ್ದಿನ ಕೀಲಿಕೈ ಒಪ್ಪಿಸಲು ಬೇರೆ ಜನವಿಲ್ಲವೆಂದು ಶಾರದಾ ಎಷ್ಟೋ ಹಬ್ಬಕ್ಕೆ ಮನೆಗೆ ಬಂದಿರಲಿಲ್ಲ. ಕತ್ತರಿಸಿದ್ದನ್ನು ಲಾವಣ್ಯಳಿಗೆ ತಿಳಿಸಲಿಲ್ಲ. ಜ್ವರದವಳಿಗೆ ಏಕೆ ತಲೆನೋವು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬೇಡ ಎಂದುಬಿಟ್ಟಾಳೆಂಬ ಭಯ.

ಎಲ್ಲರೂ ಗೌರವದಿಂದ ಸುಬ್ಬಾರಾವ್ ಗಾರು ಎನ್ನುತ್ತಿದ್ದ ಹಂಚಿಕೆದಾರರದೊಂದು ಪದ್ಧತಿ. ಚಿತ್ರ ಕೊಳ್ಳುವ ಮುಂಚೆ ಗವರ್ನರ್‌ಪೇಟೆಯ ಅಂಗಡಿ ಕೆಲಸದವರು, ಆಟೋದವರು, ಬ್ಯಾಂಕ್ ಗುಮಾಸ್ತರು, ಹೀಗೆ ಐವತ್ತು ಜನರಿಗೆ ತೋರಿಸಿ, ಚೀಟಿಯಲ್ಲಿ ಒಂದು ಪ್ಲಸ್, ಒಂದು ಮೈನಸ್ ಬರೆಸುತ್ತಿದ್ದರು. ಜ್ವರ ಬಿಟ್ಟ ಲಾವಣ್ಯಳೂ ಬಂದಿದ್ದಳು. ಶಾರದಾ ಕೆಲಸ ಮುಗಿಸಿ ಬಂದು ನನ್ನ ಪಕ್ಕ ಕೂತಳು.

ಚಿತ್ರ ಮುಗಿದ ಮೇಲೆ ಸುಬ್ಬಾರಾವ್ ಗಾರು ಚೀಟಿ ಓದತೊಡಗಿದರು. ಪ್ಲಸ್: ಬಸ್, ಬಸ್, ಬಸ್. ಮೈನಸ್: ಒಂದೇ ಕೀಲಿಕೈಗೆ ಸ್ಟ್ರಾಂಗ್ ರೂಮ್ ಹೇಗೆ ತೆರೆಯಿತು? ಹದಿನೆಂಟು ಚೀಟಿಗಳಲ್ಲಿ ಅದೇ ಪ್ರಶ್ನೆ. ಇಬ್ಬರು ನೌಕರರು ತಮ್ಮ ತಮ್ಮ ಕೀಲಿಕೈ ಹಾಕದೆ ಆ ಬಾಗಿಲು ತೆರೆಯುವುದಿಲ್ಲ. ಬ್ಯಾಂಕಿನವರಂತೂ ಬಾಗಿಲು ತೆರೆದಾಗ ಗಟ್ಟಿಯಾಗಿ ನಕ್ಕಿದ್ದರು.

ಸುಬ್ಬಾರಾವ್ ಗಾರು ಚೀಟಿಗಳನ್ನು ಕೆಳಗಿಟ್ಟರು. ಬ್ಯಾಂಕಿನ ಬಾಗಿಲೇ ಗೊತ್ತಿಲ್ಲದವಳು ಬ್ಯಾಂಕ್ ದೋಚುವ ಚಿತ್ರ ತೆಗೆದಿದ್ದಾಳೆ ಎಂದು ಗೊಣಗಿದರು. ಉಳಿದ ಕೆಲಸ ಬೇರೆ ನಿರ್ದೇಶಕರಿಗೆ ಒಪ್ಪಿಸಿದರೆ ಮಾತ್ರ ಕೊಳ್ಳುತ್ತೇನೆ ಎಂದರು. ಲಾವಣ್ಯ ಒಮ್ಮೆ ನನ್ನ ಕಡೆ ನೋಡಿದಳು. ಕತ್ತರಿಸಿದ್ದು ಯಾರೆಂದು ಚಿತ್ರ ನೋಡುವಾಗಲೇ ಅವಳಿಗೆ ಗೊತ್ತಾಗಿತ್ತು. ಆದರೂ ನನ್ನ ಹೆಸರು ಎತ್ತಲಿಲ್ಲ.

ಆಗ ಶಾರದಾ ನನಗಷ್ಟೇ ಕೇಳುವಂತೆ ಕನ್ನಡದಲ್ಲಿ ಕೇಳಿದಳು: "ಆ ಹುಡುಗಿ ನಮ್ಮ ಬ್ರಾಂಚಿಗೆ ಬಂದು ಎರಡೂ ಕೀಲಿಕೈ ವಿಷಯ ನನ್ನ ಕೇಳಿ ಬರಕೊಂಡು ಹೋಗಿದ್ಲು. ಆ ಸೀನ್ ಎಲ್ಲಿ ಹೋತ್ರೀ?"

"ನಾನ ಕತ್ತರಿಸೇನಿ."

"ಹಂಗಾರ ಎದ್ದು ಹೇಳ್ರಿ."

ಹೇಳಿದರೆ ನನ್ನ ಅನ್ನಕ್ಕೆ ಕಲ್ಲು, ಸುಮ್ಮನಿದ್ದರೆ ಲಾವಣ್ಯಳ ಚಿತ್ರ ಅವಳದಾಗಿ ಉಳಿಯದು. ಎದ್ದು ನಿಂತು, ಆಕೆ ಸರಿಯಾಗಿಯೇ ತೆಗೆದಿದ್ದಳು, ಕೇಳದೆ ಕತ್ತರಿಸಿದವನು ನಾನು ಎಂದೆ. ಸುಬ್ಬಾರಾವ್ ಗಾರು ಆ ಹದಿನೆಂಟು ಚೀಟಿಗಳನ್ನು ಬೇರೆ ತೆಗೆದಿಟ್ಟರು. ಕೊನೆಗೆ, ನಾಳೆ ಸಂಜೆ ಇದೇ ಜನಕ್ಕೆ ಆ ದೃಶ್ಯ ಸೇರಿಸಿ ತೋರಿಸಿ ಎಂದರು.

ಮರುದಿನ ಸಂಜೆ ತೋರಿಸಿದೆವು. ಆ ದೃಶ್ಯದಲ್ಲಿ, ಬೆಳಿಗ್ಗೆ ಬ್ಯಾಂಕ್ ತೆರೆಯುವ ಹತ್ತು ಗಂಟೆಗೆ, ಜಾಂಬಿಯಾದ ಕ್ಯಾಶಿಯರ್ ತಾನಾಗಿಯೇ ಬಂದು, ತನ್ನ ಕೀಲಿಕೈ ಹಿಡಿದು ಸ್ಟ್ರಾಂಗ್ ರೂಮಿನ ಮುಂದೆ ನಿಲ್ಲುತ್ತಾನೆ. ಇನ್ನೊಂದು ಕೀಲಿಕೈಯ ಜೊತೆಗಾರ ಬರಲೆಂದು ಕಾಯುತ್ತಾನೆ. ದೋಚಲು ಬಂದವರು ತಮ್ಮಲ್ಲಿದ್ದ ಕೀಲಿಕೈ ಹಾಕಿದೊಡನೆ ತನ್ನದನ್ನೂ ಹಾಕುತ್ತಾನೆ. ಬಸ್ಸಿನ ದೃಶ್ಯ ಹೇಳಿದ್ದನ್ನೇ ಇದು ಮುಗಿಸುತ್ತಿತ್ತು. ಅದು ನನಗೆ ಹೊಳೆದದ್ದು ಆಗಲೇ. ಬ್ಯಾಂಕಿನವರ ಸಾಲಿನಲ್ಲಿ ಯಾರೂ ನಗಲಿಲ್ಲ. ಶಾರದಾಳ ಕೈ ತನ್ನ ಬ್ಯಾಗಿನೊಳಗಿನ ಕೀಲಿಕೈ ಮುಟ್ಟಿ ನೋಡಿಕೊಂಡಿತು. ಅವಳು ಬಾರದ ಹಬ್ಬಗಳೆಲ್ಲ ನೆನಪಾಗಿ ನನಗೆ ನಾಚಿಕೆಯಾಯಿತು.

ಸುಬ್ಬಾರಾವ್ ಗಾರು ಚಿತ್ರ ಕೊಂಡರು, ಲಾವಣ್ಯಳ ಚಿತ್ರ ಅವಳ ಕೈಯಲ್ಲೇ ಉಳಿಯಿತು. ಎರಡನೇ ಚಿತ್ರಕ್ಕೆ ಅವಳು ಬೇರೆ ಎಡಿಟರನ್ನು ಹಿಡಿದಳು, ತಪ್ಪೆನ್ನಲಾರೆ. ನಮಗೆ ಬೇಡವೆನಿಸಿದ್ದು ಇನ್ನೊಬ್ಬರ ದಿನನಿತ್ಯದ ಬದುಕಾಗಿರಬಹುದು, ಒಬ್ಬನೇ ನಿರ್ಧರಿಸಬಾರದು ಎಂಬುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು. ಈಗ ಕತ್ತರಿಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು ನಿರ್ದೇಶಕರ ಸಹಿ ಹಾಕಿಸುತ್ತೇನೆ. ಮೊದಲ ಪುಟದಲ್ಲಿ ಆ ನಾಲ್ಕು ನಿಮಿಷ ಬರೆದಿದೆ. ಅದರ ಮುಂದೆ ಸಹಿಯ ಜಾಗ ಖಾಲಿಯಿದೆ.