ಉಪ್ಪು ಹಾಕುವ ಕೈ

ಉಪ್ಪಿನಕಾಯಿಯ ಭರಣಿಗೆ ಬಿಳಿ ಅರಿವೆ ಕಟ್ಟುವುದು ಗಾಳಿಗೆ, ಧೂಳಿಗೆ ಹೆದರಿ ಎಂದು ನೀವು ತಿಳಿದಿದ್ದರೆ, ನಿಮ್ಮ ಮನೆಯ ಗಂಡಸರು ಬಹಳ ಸಂಭಾವಿತರಿರಬೇಕು. ನಮ್ಮ ಮನೆಯಲ್ಲಿ ಹೆದರಬೇಕಾಗಿದ್ದದ್ದು ನನಗೆ. ಆ ಗಂಟನ್ನು ಎಡಗೈಯೊಂದರಲ್ಲೇ ಬಿಚ್ಚಿ, ಮತ್ತೆ ಇದ್ದ ಹಾಗೆಯೇ ಕಟ್ಟುವ ವಿದ್ಯೆ ನನಗೆ ಸಿದ್ಧಿಸಿತ್ತು. ಬಲಗೈ ಆಗ ಎಲ್ಲಿರುತ್ತಿತ್ತು ಎಂದು ಕೇಳುತ್ತೀರಾ? ಅದರಿಂದಾಗಿಯೇ ನನ್ನ ಹೆಂಡತಿ ಒಂದು ವರ್ಷ ಓಣಿಯಲ್ಲಿ ತಲೆ ತಗ್ಗಿಸಿ ನಡೆದಳು. ಅದನ್ನೇ ಹೇಳಹೊರಟಿದ್ದೇನೆ.

ಎಪ್ಪತ್ತೈದನೇ ಇಸವಿಯ ಆಸುಪಾಸಿನ ಮಾತು. ಯುಗಾದಿ ಮುಗಿಯಿತೆಂದರೆ ಬೈಲಹೊಂಗಲದ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಪುರುಸೊತ್ತೆಂಬುದಿಲ್ಲ. ಮಾಳಿಗೆಯ ಮೇಲೆ ಕಾಲಿಡಲು ಜಾಗವಿಲ್ಲ. ಒಂದು ಕಡೆ ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿ ಒಣಗುತ್ತಿದ್ದರೆ, ಇನ್ನೊಂದು ಕಡೆ ಉಪ್ಪು ಹಚ್ಚಿದ ಚವಳಿಕಾಯಿ, ಸೌತೆಕಾಯಿಯ ಬಿಲ್ಲೆ. ಮಳೆ ಹಿಡಿದು ಸಂತೆಯಲ್ಲಿ ಕಾಯಿಪಲ್ಲೆ ಸಿಗದ ದಿನಗಳಿಗೆ ಇವೇ ಗತಿ. ಮಾವಿನ ಹಣ್ಣಿಗೆ ಬೆಲ್ಲ ಹಾಕಿ ಕುದಿಸಿದ ಗುಳಂಬದ ವಾಸನೆ ಮೂಗಿಗೆ ಬಡಿದರೆ ಎಂಥ ಸಿಟ್ಟಿನ ಮನುಷ್ಯನೂ ಐದು ನಿಮಿಷ ಸಾಧುವಾಗುತ್ತಿದ್ದ. ಬಿಸಿಲನ್ನು ಬೈಯುತ್ತ ಅದೇ ಬಿಸಿಲಿನಲ್ಲಿ ವರ್ಷದ ಊಟವನ್ನು ಕಾಪಿಡುವ ಇವರನ್ನು ನೋಡಿದಾಗಲೆಲ್ಲ, ನಾಳೆಯ ಮೇಲೆ ಇಷ್ಟೊಂದು ನಂಬಿಕೆ ಇವರಿಗೆ ಎಲ್ಲಿಂದ ಬಂತಪ್ಪಾ ಎಂದುಕೊಳ್ಳುತ್ತಿದ್ದೆ.

ಕಿತ್ತೂರಿನ ಕಡೆಯಿಂದ ಜವಾರಿ ಮಾವಿನಕಾಯಿಯ ಚಕ್ಕಡಿ ಬಂದರೆ ಮಾತ್ರ ಗತ್ತೇ ಬೇರೆ. ಕಾಯಿ ತೊಳೆಯಲು, ಒರೆಸಲು, ಹೆಚ್ಚಲು ಯಾರಾದರೂ ನಡೆದೀತು. ಉಪ್ಪು ಹಾಕುವುದಕ್ಕೆ ಕೈಗುಣ ಬೇಕು. ಕೈಗುಣವಿಲ್ಲದವರು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬುದು ಓಣಿಯ ಕಾನೂನು. ಆ ಕೈಗುಣ ನಮ್ಮವ್ವನದು. ಅವ್ವ ಕಿತ್ತೂರಿನ ಮಗಳು. ಸೋಲೊಪ್ಪುವ ಊರಲ್ಲ ಅದು. ಮೂಲೆಮನೆಯ ಶಾಂತವ್ವನಿಂದ ಹಿಡಿದು ಎಲ್ಲರೂ ಹೋಳು ಹೆಚ್ಚಿಟ್ಟುಕೊಂಡು ಅವ್ವನನ್ನು ಕರೆಯಲು ಬರುತ್ತಿದ್ದರು. ಅವ್ವ ಸೆರಗು ಸಿಕ್ಕಿಸಿಕೊಂಡು ಹೋಗಿ, ಪಾತೇಲಿಗೆ ಉಪ್ಪು ಸುರಿದು, ಒಮ್ಮೆ ತಿರುವಿ, ಚಹಾ ಕುಡಿದು ಬರುತ್ತಿದ್ದಳು. ಅವಳು ಕೈಯಿಟ್ಟ ಉಪ್ಪಿನಕಾಯಿ ಮೂರು ವರ್ಷವಾದರೂ ಕೆಟ್ಟದ್ದಿಲ್ಲ. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆ ಕಟ್ಟಿದವನು ಅದನ್ನು ಒಮ್ಮೆ ನೆಕ್ಕಿದ್ದರೆ ಗಾದೆಯ ಮೊದಲರ್ಧವನ್ನು ಕೈಬಿಡುತ್ತಿದ್ದ. ಅದರ ಒಂದು ಹೋಳಿನ ಉಪ್ಪು ನನಗೆ ನಾಲ್ಕು ಊಟಕ್ಕೆ ಸಾಲುತ್ತಿತ್ತು.

ನನ್ನ ಮದುವೆಯಾದ ವರ್ಷ ಅವ್ವನ ಮುಂಗೈ ಉಳುಕಿತು. ರಾಮದುರ್ಗದಿಂದ ಬಂದ ಹೊಸ ಸೊಸೆ ಸುನಂದಾ ಹೋಳು ಹೆಚ್ಚಿ ಮುಗಿಸಿದ್ದಳು.

“ಈ ಸಲ ಉಪ್ಪು ನೀನ ಹಾಕವಾ. ನಮ್ಮತ್ತಿ ನನಗ ಕೊಟ್ಟರು, ನಾ ನಿನಗ ಕೊಡತೇನಿ” ಎಂದಳು ಅವ್ವ.

ಸುನಂದಾ ಉಪ್ಪನ್ನು ಎರಡೆರಡು ಸಲ ಅಳೆದು ಹಾಕಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ತವರಿನ ಪದ್ಧತಿಯಂತೆ ಅವಳು ಉಪ್ಪಿನ ಜೊತೆ ಒಂದಿಷ್ಟು ಬೆಲ್ಲವನ್ನೂ ಸೇರಿಸಿದಳು. ಹೊಸ ಭರಣಿಯನ್ನು ಶ್ರಾವಣದ ಮೊದಲ ಸೋಮವಾರದ ತನಕ ಬಿಚ್ಚಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಅಲ್ಲಿಯವರೆಗೆ ಹಳೆಯದೇ ಗತಿ.

ಇಲ್ಲಿ ನನ್ನ ಉದ್ಯೋಗವನ್ನು ಹೇಳದೆ ವಿಧಿಯಿಲ್ಲ. ನೇಸರಗಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಉಪ್ಪು ನೀರನ್ನು ಹೀರಿಕೊಳ್ಳುತ್ತದೆ, ನೀರಿಲ್ಲದೆ ಸೂಕ್ಷ್ಮಜೀವಿ ಬೆಳೆಯಲಾರದು, ಆದ್ದರಿಂದ ಒದ್ದೆ ಕೈಯನ್ನು ಉಪ್ಪಿನಕಾಯಿಗೆ ಹಾಕಬಾರದು ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದವನು. ಅಂಥ ನಾನು, ಆ ಹೊಸ ಭರಣಿಯಿಂದ ಒಂದು ದಿನ ವಾಸನೆ ಬಂದದ್ದೇ ತಡ, ನನ್ನ ಶಾಸ್ತ್ರವನ್ನೆಲ್ಲ ಗೂಟಕ್ಕೆ ಸಿಕ್ಕಿಸಿದೆ. ರಾತ್ರಿ ಊಟವಾಗಿ ಮನೆಯೆಲ್ಲ ಅಡ್ಡಾದಾಗ, ಮೊಸರನ್ನ ಉಂಡ ಮುಸುರೆ ಕೈಯನ್ನು ತೊಳೆಯುವ ಮೊದಲೇ ಭರಣಿಗಿಳಿಸುತ್ತಿದ್ದೆ. ಒಂದೇ ಹೋಳು ಎಂದುಕೊಂಡೇ ಹೋಗುತ್ತಿದ್ದೆ. ಹುಳಿ, ಖಾರ, ಹಿಂದೆಯೇ ಸಣ್ಣಗೆ ಸಿಹಿ. ಅಯ್ಯೋ, ಒಂದಕ್ಕೆ ನಿಲ್ಲುವ ಗಂಡಸು ಇನ್ನೂ ಹುಟ್ಟಬೇಕು!

ಶ್ರಾವಣ ಸೋಮವಾರ ಬಂತು. ರುಚಿ ನೋಡಲು ಶಾಂತವ್ವನೂ ಬಂದು ಕೂತಿದ್ದಳು. ಸುನಂದಾ ಅರಿವೆ ಬಿಚ್ಚಿದಳು. ಹೋಳುಗಳ ಮೇಲೆಲ್ಲ ಬೆಳ್ಳಗೆ ಬೂಷ್ಟು. ಭರಣಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

“ಹೋಳು ಬತ್ತಿ ಕೆಳಗಿಳದಾವ” ಎಂದರು ಅಪ್ಪ. ಅವ್ವ ಹೌದೆಂದು ತಲೆಯಾಡಿಸಿದಳು.

“ಹುಡಿಗಿ ಶಾಣ್ಯಾ ಐತಿ, ಖರೆ. ಕೈಗುಣ ಮಾತ್ರ ದೇವರ ಕೊಡಬೇಕ ನೋಡವಾ” ಎಂದಳು ಶಾಂತವ್ವ.

ಸುನಂದಾ ತಾನೇ ಭರಣಿಯನ್ನು ಎತ್ತಿಕೊಂಡು ಹೋಗಿ, ಓಣಿಯೆಲ್ಲ ನೋಡುತ್ತಿರುವಾಗ, ತಿಪ್ಪೆಗೆ ಸುರಿದು ಬಂದಳು. ನಾನು ಬಾಯಿ ಬಿಡಲಿಲ್ಲ. ಗಂಡಸಿನ ಮಾನ ದೊಡ್ಡದಲ್ಲವೇ! ಸುದ್ದಿ ಸವದತ್ತಿ ದಾಟಿ ರಾಮದುರ್ಗಕ್ಕೂ ಮುಟ್ಟಿತು. ಹದಿನೈದು ದಿನಕ್ಕೆ ಅವಳ ತಾಯಿ ಒಂದು ಪುಟ್ಟ ಭರಣಿ ಉಪ್ಪಿನಕಾಯಿಯನ್ನು ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕೊಟ್ಟು ಕಳಿಸಿದಳು. ಸುನಂದಾ ಅದನ್ನು ಬಿಚ್ಚಲೇ ಇಲ್ಲ. ಆ ವರ್ಷ ಯಾರದೇ ಮನೆಯ ಹಪ್ಪಳಕ್ಕೂ ಸಂಡಿಗೆಗೂ ಅವಳನ್ನು ಕರೆಯಲಿಲ್ಲ. ಕರೆದರೂ ಅವಳು ಹೋಗುತ್ತಿರಲಿಲ್ಲ. ನನಗೆ ನನ್ನ ಮೇಲೆಯೇ ಹೇಸಿಕೆಯಾಗುತ್ತಿತ್ತು.

ಮರುವರ್ಷ ಮತ್ತೆ ಮಾವಿನಕಾಯಿ ಬಂತು. ಸುನಂದಾ ಈಳಿಗೆಯ ಮುಂದೆ ಕೂತಿದ್ದಳು.

“ಹೋಳು ನಾ ಹೆಚ್ಚಿ ಕೊಡತೇನ್ರಿ ಅತ್ತಿ. ಉಪ್ಪು ನೀವ ಹಾಕ್ರಿ. ನನ್ನ ಕೈ ಛಲೋ ಇಲ್ಲ” ಎಂದಳು.

ಅವಳು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ಉಪ್ಪಿನ ಡಬ್ಬಿ ಅಲ್ಲಿದೆ ಎನ್ನುವಷ್ಟು ಸಹಜವಾಗಿ ಅಂದಳು. ನನಗೆ ತಡೆಯಲಾಗಲಿಲ್ಲ.

“ಅವ್ವಾ, ಅಕೀ ಕೈ ಛಲೋ ಐತಿ. ಹ್ವಾದ ವರ್ಷ ಮುಸುರಿ ಕೈಲೆ ಭರಣ್ಯಾಗ ಕೈ ಹಾಕಿದಾಂವ ನಾನ.”

“ಯಾವತ್ತ?”

“ದಿನಾ.”

“ನಾಚಿಕಿ ಬರಂಗಿಲ್ಲ ನಿನಗ? ಸಾಲಿ ಮಾಸ್ತರ ಬ್ಯಾರೆ!” ಅವ್ವ ಸೌಟು ಎತ್ತಿದಳು.

ಜಗಲಿಯಲ್ಲಿ ಪೇಪರು ಓದುತ್ತಿದ್ದ ಅಪ್ಪ ಕೆಮ್ಮಿದರು. “ಅವನೊಬ್ಬನ್ನ ಬೈಬ್ಯಾಡ. ಸಂಜಿಮುಂದ ನೀ ಗುಡಿಗೆ ಹೋದಾಗ ನಾನೂ ಒಂದೆರಡ ಹೋಳು…”

ಈಗ ಅವ್ವ ಇಬ್ಬರನ್ನೂ ಸುಡುತ್ತಾಳೆ ಎಂದು ಕಾದೆವು. ಅವ್ವ ಸೌಟು ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಗೋಡೆಗೆ ಹೇಳಿದಂತೆ ಹೇಳಿದಳು: “ಕೆಟ್ಟೈತೇನೋ ಅಂತ ನೋಡಾಕ ನಾನೂ ತಗೀತಿದ್ದೆ. ಮುಂಜಾನೆ ಜಳಕಾ ಮಾಡಿ ಬಂದು, ಹಂಗ ಒದ್ದಿ ಕೈಲೆ.”

“ದಿನಾ ನೋಡತಿದ್ದೇನ?” ಎಂದರು ಅಪ್ಪ.

“ಮತ್ತ? ಪರೀಕ್ಷಾ ಅಂದ್ರ ದಿನಾ ಮಾಡಬೇಕಾಗತೈತಿ!”

ಸುನಂದಾ ನಮ್ಮ ಮೂವರ ಮುಖವನ್ನೂ ಒಬ್ಬೊಬ್ಬರದಾಗಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯುವ ಹಕ್ಕೂ ಅವಳಿಗಿತ್ತು. ಅವಳು ಕೇಳಿದ್ದೇ ಬೇರೆ.

“ರುಚಿ ಆಗಿತ್ತೇನ್ರಿ ಅತ್ತಿ?”

ಒಂದು ವರ್ಷದಿಂದ ಅವಳಿಗೆ ಆ ಮಾತನ್ನು ಹೇಳಿದವರಿಲ್ಲ. ಕದ್ದು ತಿಂದವರು ಹೊಗಳುವುದಾದರೂ ಹೇಗೆ?

“ರುಚಿ ಆಗಲಾರದಕ್ಕ ಮೂರೂ ಮಂದಿ ಕಳ್ಳರಾದಿವೇನವಾ?” ಎಂದಳು ಅವ್ವ. ಸುನಂದಾ ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿ ನಗತೊಡಗಿದಳು. ನಗುತ್ತ ನಗುತ್ತ ಅತ್ತಳು. ಅವ್ವ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ನಮ್ಮಿಬ್ಬರ ಕಡೆ ನೋಡಿದ ನೋಟದಲ್ಲಿ ಮಾತ್ರ ಕ್ಷಮೆಯ ಸುಳಿವಿರಲಿಲ್ಲ. ತಾನೂ ಅದೇ ಕಳ್ಳರ ಗುಂಪಿನವಳೆಂಬುದನ್ನು ಅವಳಾಗಲೇ ಮರೆತಿದ್ದಳು.

ಮರುದಿನ ಮುಂಜಾನೆ ಶಾಂತವ್ವ ಬಂದಳು. ಹೋಳು ಹೆಚ್ಚಿಟ್ಟಿದ್ದೇನೆ, ಉಪ್ಪು ಹಾಕಲು ಬಾ ಎಂದು ಎಂದಿನಂತೆ ಅವ್ವನನ್ನು ಕರೆದಳು. ಅವ್ವ ಏಳಲಿಲ್ಲ. ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ತನ್ನ ಒದ್ದೆ ಕೈಯನ್ನೂ ಬಿಡಲಿಲ್ಲ. ಓಣಿಯ ಕೈಗುಣದ ಒಡತಿ ಹಾಗೆ ಹೇಳಿಕೊಳ್ಳುವುದು ಸಣ್ಣ ಮಾತಲ್ಲ. ಶಾಂತವ್ವ ಬಾಯಿಯ ಮೇಲೆ ಬೆರಳಿಟ್ಟುಕೊಂಡು ಕೇಳಿದಳು.

“ಮತ್ತ ನಿನ್ನ ಉಪ್ಪಿನಕಾಯಿ ಮೂರ ವರ್ಷ ಇದ್ದರೂ ಕೆಡಂಗಿಲ್ಲಲ್ಲವಾ?”

“ಯಾರ ತಿಂತಾರ ಅದನ್ನ?” ಎಂದಳು ಅವ್ವ. “ನೋಡ ಶಾಂತವ್ವ, ಉಳೀಬೇಕಂದ್ರ ನನ್ನ ಕರಿ. ಉಣಬೇಕಂದ್ರ ಇಕೀನ ಕರಕೊಂಡು ಹೋಗು.”

ಶಾಂತವ್ವ ಸುನಂದಾಳ ಕೈ ಹಿಡಿದುಕೊಂಡು ಹೊರಟಳು. ಆ ಬೇಸಿಗೆಯಲ್ಲಿ ಸುನಂದಾ ಓಣಿಯ ಎಲ್ಲ ಮನೆಗಳಲ್ಲೂ ಚಹಾ ಕುಡಿದು ಬಂದಳು. ದೀಪಾವಳಿಯ ಹೊತ್ತಿಗೆ ನಮ್ಮ ಓಣಿಯ ಒಂದು ಭರಣಿಯಲ್ಲೂ ಉಪ್ಪಿನಕಾಯಿ ಉಳಿದಿರಲಿಲ್ಲ. ಕೆಡಲು ಅದಕ್ಕೆ ಯಾರೂ ಪುರುಸೊತ್ತೇ ಕೊಟ್ಟಿರಲಿಲ್ಲ.