ಹಬ್ಬದ ದಿನ ಹಸಿದ ಫ್ಲಾಸ್ಕು

ಟಿಕ್, ಟಿಕ್, ಟಿಕ್. ಮೈಕ್ರೋಸ್ಕೋಪಿನ ಮೇಲೆ ಬಗ್ಗಿ, ಹೆಬ್ಬೆರಳಿನಲ್ಲಿ ಪುಟ್ಟ ಉಕ್ಕಿನ ಕೌಂಟರ್ ಒತ್ತುತ್ತ ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನವರು ಬದುಕಿರುವ ಜೀವಕೋಶಗಳನ್ನು ಎಣಿಸುತ್ತಿದ್ದ ಸದ್ದು ಅದು. ಬಣ್ಣ ಬೆರೆಸಿದರೆ ಸತ್ತ ಕೋಶ ನೀಲಿಯಾಗುತ್ತದೆ, ಅದನ್ನು ಬಿಡಬೇಕು. ಬದುಕಿದ್ದಕ್ಕೆ ಮಾತ್ರ ಒಂದು ಟಿಕ್. ನನ್ನ ಕೌಂಟರ್ ಇಪ್ಪತ್ತಕ್ಕೇ ಸುಮ್ಮನಾಗುತ್ತಿತ್ತು. ಅವರದು ನಾನು ಚಹಾ ಕುಡಿದು ಬಂದರೂ ನಿಲ್ಲುತ್ತಿರಲಿಲ್ಲ. ಆ ಸದ್ದಿಗೆ ನನಗೆ ಹಲ್ಲು ಕಚ್ಚುವಷ್ಟು ಸಿಟ್ಟು ಬರುತ್ತಿತ್ತು.

ತೊಂಬತ್ತರ ದಶಕದ ಕೊನೆ, ಪುಣೆಯ ಒಂದು ಸಣ್ಣ ಲ್ಯಾಬು. ಹಂದಿಮರಿಗಳಿಗೆ ಭೇದಿ ಹಚ್ಚಿ ಕೊಲ್ಲುವ ಒಂದು ಕೊರೋನಾ ವೈರಸ್ಸನ್ನು ಪತ್ತೆ ಹಚ್ಚುವ ಆಂಟಿಬಾಡಿಯನ್ನು ಫ್ಲಾಸ್ಕಿನಲ್ಲಿ ಸಾಕಿದ ಕೋಶಗಳಿಂದ ತಯಾರಿಸುವುದು ನಮ್ಮ ಕೆಲಸ. ಆ ವೈರಸ್ಸಿನ ಹೆಸರು ಆಗ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿ, ಎಂ.ಎಸ್ಸಿ. ಮಾಡಿ ಆಫೀಸರಾಗಿ ಸೇರಿದವಳು. ಅವರು ಜಮಖಂಡಿ ಕಡೆಯ ಕನ್ನಡ ಶಾಲೆಯಲ್ಲಿ ಕಲಿತು, ಮಾರ್ಕೆಟ್ ಯಾರ್ಡಿನ ಗುಮಾಸ್ತ ಗಂಡನೊಂದಿಗೆ ಪುಣೆಗೆ ಬಂದ ಟೆಕ್ನಿಶಿಯನ್. ವೈರಸ್ ಸಿಕ್ಕಲ್ಲಿ ಮಾತ್ರ ಹೊಳೆಯಬೇಕಿದ್ದ ನನ್ನ ಆಂಟಿಬಾಡಿಗಳು ಆರೋಗ್ಯವಂತ ಹಂದಿಯ ಕೋಶಗಳನ್ನೂ ಹಸಿರಾಗಿ ಬೆಳಗಿಸಿ ಮಾನ ಕಳೆಯುತ್ತಿದ್ದವು. ಅವರ ಒಂದೇ ಒಂದು ಫ್ಲಾಸ್ಕಿನದು ಮಾತ್ರ ವೈರಸ್ ಇದ್ದಲ್ಲಿ ಬೆಳಗಿ, ಇಲ್ಲದಲ್ಲಿ ಕತ್ತಲಾಗಿರುತ್ತಿತ್ತು. ಪರ್ಫೆಕ್ಟ್! "ಯಾಂಚ್ಯಾ ಹಾತಾಲಾ ಗುಣ ಆಹೆ" ಎಂದು ನಮ್ಮ ಸರ್ ಅವರ ಕೈಗುಣವನ್ನು ನನ್ನೆದುರಿಗೇ ಹೊಗಳುತ್ತಿದ್ದರು. ನನ್ನ ಕೈಗೇನು ರೋಗ ಬಂದಿತ್ತೋ!

ಫ್ಲಾಸ್ಕಿನಲ್ಲಿ ಕೋಶಗಳ ಆಹಾರವಾದ ದ್ರವ ಗುಲಾಬಿ ಕೆಂಪಗಿರುತ್ತದೆ. ಹಳದಿಯಾಯಿತೆಂದರೆ ಅವು ಹಸಿದಿವೆ, ಬದಲಿಸಬೇಕು. "ಇವಕ್ಕೂ ಹಸಿವಿ ಆಗತದ್ರಿ ಮೇಡಂ. ಹಬ್ಬ ಅಂದ್ರ ಇವಕ್ಕೇನ್ ಗೊತ್ತಾಗತದ?" ಎನ್ನುತ್ತ ಅವರು ರಜೆಯಲ್ಲೂ ಬಿಬವೇವಾಡಿಯಿಂದ ಬಸ್ಸು ಹಿಡಿದು ಬರುತ್ತಿದ್ದರು.

ಆ ವರ್ಷ ಗಣಪತಿ ವಿಸರ್ಜನೆಯ ದಿನ ನನ್ನ ಪಾಳಿ. ಮೆರವಣಿಗೆಯಿಂದಾಗಿ ಬಸ್ಸಿಲ್ಲದೆ ಅವರು ಬಂದಿರಲಿಲ್ಲ, ಎಲ್ಲರ ಫ್ಲಾಸ್ಕುಗಳನ್ನೂ ನಾನೇ ನೋಡಬೇಕಿತ್ತು. ನನ್ನ ಫ್ಲಾಸ್ಕಿನ ದ್ರವ ಬದಲಿಸಿದೆ. ಪಕ್ಕದಲ್ಲೇ ಅವರದು ನಿಂಬೆಹಣ್ಣಿನಷ್ಟು ಹಳದಿ. 'ಇನ್ನೂ ಕಿತ್ತಳೆ ಬಣ್ಣವೇ ಇದೆ, ನಾಳೆಯವರೆಗೆ ತಡೆಯುತ್ತದೆ' ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಕೋಶಗಳನ್ನು ಬೆಚ್ಚಗಿಡುವ ಇನ್ಕ್ಯುಬೇಟರಿನ ಒಳಗಿಟ್ಟು ಬಾಗಿಲು ಹಾಕಿದೆ.

ಮರುದಿನ ಅವರ ಕೌಂಟರ್ ಎರಡು ಸಲ ಟಿಕ್ ಎಂದು ನಿಂತಿತು.

"ಎಲ್ಲಾ ನೀಲಿ ಆಗ್ಯಾವ್ರಿ ಮೇಡಂ."

"ಓ ಮೈ ಗಾಡ್," ಎಂದೆ. ನನ್ನ ದನಿ ನನಗೇ ಹೇಸಿಗೆಯಾಯಿತು.

ಸರ್ ಕೂಗಾಡಿದರು. "ಮಾಝೀಚ್ ಚೂಕ್, ಸರ್" ಎಂದು, ಹಬ್ಬಕ್ಕೆ ಮುಂಚೆ ಬದಲಿಸಲು ತಾವೇ ಮರೆತದ್ದಾಗಿ ಹೇಳಿ ಅವರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಆ ದೊಡ್ಡತನಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ವಾಟ್ ಎ ವುಮನ್!

ಅದೇ ಕೋಶಗಳನ್ನು ಅವರು ಮೊದಲೇ ಒಂದು ಸೀಸೆಯಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದರು. ಉಳಿದದ್ದು ಅದೊಂದೇ. ಅದನ್ನು ಕರಗಿಸಿ, ಹೊಸ ಫ್ಲಾಸ್ಕಿಗೆ ಹಾಕಿ, ನನ್ನ ಕೈಗಿಟ್ಟರು. "ಈ ಸಲ ನೀವ ಉಣಸ್ರಿ."

ನಾನು ಭಾನುವಾರ ಹೋದೆ, ದೀಪಾವಳಿಗೂ ಹೋದೆ, ಜ್ವರದಲ್ಲೂ ಹೋದೆ. ಕೋಶಗಳು ಬದುಕಿದವು. ವರದಿಯಲ್ಲಿ ನನ್ನ ಹೆಸರು ಮೊದಲು ಬಂತು, ಅವರದು ಕೊನೆಯ ಸಾಲಿನ ಥ್ಯಾಂಕ್ಸಿನಲ್ಲಿ. ಆದರೂ ಕೋಶ ಸೊರಗಿತೆಂದರೆ ಎಲ್ಲರೂ ಫ್ಲಾಸ್ಕು ಹಿಡಿದು ಓಡುತ್ತಿದ್ದದ್ದು ಅವರ ಮೇಜಿಗೇ.

ಕೆಲವು ವರ್ಷಗಳ ನಂತರ ಅವರು ನಿವೃತ್ತರಾದ ಸಂಜೆ ನಾನೇ ಅವರನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದೆ. ಅವರ ಕೈಯಲ್ಲಿ ಲ್ಯಾಬಿನವರು ಕೊಟ್ಟ ಹೂಗುಚ್ಛ.

"ಆ ವಿಸರ್ಜನೆ ದಿನ..." ಎಂದು ಶುರುಮಾಡಿದೆ.

"ನಿಮ್ಮ ಫ್ಲಾಸ್ಕು ಕೆಂಪಗಿತ್ರಿ ಮೇಡಂ, ನನ್ನದೊಂದ ಹಳದಿ. ಮರುದಿನಾನ ನೋಡೇನ್ರಿ."

"ಮತ್ತೆ ಆ ಕೊನೆಯ ಸೀಸೆ ನನಗೇ ಯಾಕೆ ಕೊಟ್ಟಿರಿ?"

ಬಸ್ಸು ಬಂತು. ಅವರು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲೇರಿ, ತಿರುಗಿ ನಕ್ಕರು.

"ಒಮ್ಮೆ ಕೊಂದ ಮ್ಯಾಲ, ನಿಮ್ಮಷ್ಟು ಕಾಳಜಿಲೆ ಇನ್ಯಾರ್ ನೋಡ್ತಿದ್ರು, ಹೇಳ್ರಿ?"

ಕಂಡಕ್ಟರ್ ಗಂಟೆ ಹೊಡೆದ. ಕಿಟಕಿಯ ಪಕ್ಕ ಕೂತು, ಬಾಡತೊಡಗಿದ ಆ ಹೂಗಳ ಮೇಲೆ ಅವರು ಬಾಟಲಿಯಿಂದ ಒಂದಿಷ್ಟು ನೀರು ಚಿಮುಕಿಸುತ್ತಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ.