ತಲೆ ನೋಡುತ್ತಿದ್ದ ಅಕ್ಕ

ಗಾಂಧಿನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕನಿಗೆ ಯಾರ ತಲೆ ಕಂಡರೂ ಹೇನು ನೋಡದೆ ಇರಲು ಆಗುತ್ತಿರಲಿಲ್ಲ. ಕರೆಂಟಿನ ಮೀಟರ್ ನೋಡಲು ಬಂದವನನ್ನೂ ಒಮ್ಮೆ "ಬರ್ರಿ, ಬೆಳಕಿಗೆ ಕುಂದರ್ರಿ" ಎಂದು ಮೆಟ್ಟಿಲ ಮೇಲೆ ಕೂಡಿಸಿದ್ದರು. ಸಿಕ್ಕ ಹೇನನ್ನು ಉಗುರಿನ ಮೇಲಿಟ್ಟು ಕುಕ್ಕುವಾಗ ತಮಗೇ ನೋವಾದವರಂತೆ "ಸ್ಸ್" ಎನ್ನುವರು.

ನನ್ನ ಯಜಮಾನರು ತೀರಿಕೊಂಡಾಗ ನನಗೆ ಅಳುವೇ ಬರಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದೆ. "ದುಃಖ ಎದ್ಯಾಗ ಕುಂತರ ಜೀವಕ್ಕ ಕುತ್ತು, ಆಕಿನ್ನ ಅಳಸ್ರಿ" ಎಂದು ಸಿರುಗುಪ್ಪದಿಂದ ಬಂದ ಚಿಕ್ಕಮ್ಮ ಗಾಬರಿಯಾದರು. ಹೆಂಗಸರೆಲ್ಲ ಯಜಮಾನರ ಗುಣ ಹಾಡಿ ಹೊಗಳಿ ನೋಡಿದರು. ನನ್ನ ಕಣ್ಣು ಒದ್ದೆಯಾಗಲಿಲ್ಲ.

ಆಗ ಅಕ್ಕ ಬಂದು ನನ್ನ ಹಿಂದೆ ಕುಳಿತು ಜಡೆ ಬಿಚ್ಚಿದರು.

"ಸಾವಿನ ಮನ್ಯಾಗ ಇದೇನ್ ಹಚ್ಚೀರಿ?" ಎಂದು ಚಿಕ್ಕಮ್ಮ ರೇಗಿದರು.

"ತಡೀರಿ, ನೋಡ್ತೀನಿ."

ಅಕ್ಕ ಕಿವಿಯ ಹಿಂದೆ, ನೆತ್ತಿಯಲ್ಲಿ ಬೆರಳಾಡಿಸಿ ನಿಟ್ಟುಸಿರುಬಿಟ್ಟರು. "ಹೇನು ಹೋಗ್ಲಿ, ಒಂದ್ ಸೀರೂ ಇಲ್ಲ. ಎಲ್ಲಿಂದ ಬರಬೇಕು? ನಿನ್ನ ಗಂಡನ ಬೋಳ ತಲಿಮ್ಯಾಲ ಹೇನು ನಿಂತರ ಜಾರಿ ಬೀಳತಿತ್ತು."

ನನಗೆ ನಗು ಬಂತು. ಆ ಬೋಳು ತಲೆಗೂ ಅವರು ವಾರಕ್ಕೊಮ್ಮೆ ನನ್ನ ಕೈಲಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದದ್ದು ನೆನಪಾಗಿ, ನಗುತ್ತಲೇ ಗೋಳೋ ಎಂದು ಅತ್ತುಬಿಟ್ಟೆ.

ಅಕ್ಕ ಕೈ ತೆಗೆಯಲಿಲ್ಲ. "ಅಳು, ತಂಗಿ," ಎಂದರು, "ತಲಿ ಅಳ್ಳಾಡಸಬ್ಯಾಡ."